ಆಂಟ್‌ವರ್ಪ್ ಮ್ಯಾರಥಾನ್ ಪೂರೈಸಿದ ಬೆಳಗಾವಿಯ ಚೌಗುಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಏರಿಳಿತದ ರಸ್ತೆಗಳಲ್ಲಿ ಮುಂಜಾನೆ ಓಡುವ ಹವ್ಯಾಸಿಗಳು ಸ್ಮರಿಸಬೇಕಾದ ಹೆಸರು ಫಡೆಪ್ಪ ದರೆಪ್ಪ ಚೌಗುಲೆ ಅವರದು. ಒಲಿಂಪಿಕ್ಸ್ ಮ್ಯಾರಥಾನ್ ಪೂರೈಸಿದ ಪ್ರಥಮ ಭಾರತೀಯ ಅವರು.

ಚೌಗುಲೆ ಬೆಳಗಾವಿಯವರು. ಬೆಳಗಾವಿಯಂತೆ ಉತ್ತರ ಕನ್ನಡವೂ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ರೈತಾಪಿ ಯುವಕರು ಬರಿಗಾಲಿನಲ್ಲೇ ಓಡುವುದನ್ನು ಕಂಡ ಸರ್ ದೊರಾಬ್ಜಿ ಟಾಟಾ, ಇವರು ಒಲಿಂಪಿಕ್ಸ್‌ಗೆ ಹೋಗಬಲ್ಲರೆಂದು ಮನಗಂಡರು. ಅವರ ನೆರವಿನಿಂದ 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ಗೆ ತೆರಳಿದ ಭಾರತದ ಪುಟ್ಟ ತಂಡದಲ್ಲಿ ಚೌಗುಲೆ ಸ್ಥಾನ ಪಡೆದರು.

ಆಗಸ್ಟ್ 22ರಂದು ಮ್ಯಾರಥಾನ್ ನಡೆಯಿತು. ಇಂದಿನ ಮ್ಯಾರಥಾನ್ 42.195 ಕಿ.ಮೀ.; ಅಂದಿನ ದೂರ 42.75 ಕಿ.ಮೀ. ಒಲಿಂಪಿಕ್ಸ್ ಇತಿಹಾಸದಲ್ಲೇ ಅದು ಅತಿ ದೀರ್ಘವಾದುದು. ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35 ಸೆಕೆಂಡುಗಳಲ್ಲಿ ಗೆದ್ದರು. ಚೌಗುಲೆಯವರ ಸಂಗಾತಿ ಸದಾಶಿವ ದಾತಾರ್ ಗುರಿ ಮುಟ್ಟಲಿಲ್ಲ. ಚೌಗುಲೆ ಮಾತ್ರ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಟ ಮುಗಿಸಿ 19ನೆಯವರಾದರು. ಅದೇ ಕೂಟದ 10,000 ಮೀಟರ್ ಓಟದಲ್ಲಿಯೂ ಅವರು ಸ್ಪರ್ಧಿಸಿದ್ದರು.

ಲೆಕ್ಕ ಹಾಕಿದರೆ ಅವರ ಸರಾಸರಿ ಕಿಲೋಮೀಟರಿಗೆ ಸುಮಾರು 4 ನಿಮಿಷ. ಗಡಿಯಾರ, ಪಾದರಕ್ಷೆ, ತರಬೇತಿಯ ವೇಳಾಪಟ್ಟಿ ಎಲ್ಲವೂ ಇರುವ ಇಂದಿನ ಹವ್ಯಾಸಿಗಳಲ್ಲಿ ಈ ವೇಗವನ್ನು ಕೊನೆಯವರೆಗೆ ಕಾಯ್ದುಕೊಳ್ಳುವವರು ವಿರಳ. ವಾರದಿಂದ ವಾರಕ್ಕೆ ದೂರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುವುದು, ನಡುವೆ ವಿಶ್ರಾಂತಿ, ಆರಂಭದಲ್ಲಿ ಸಂಯಮ: ಇವಿಲ್ಲದೆ ಆ ಸಹನಶಕ್ತಿ ದೇಹಕ್ಕೆ ಒಲಿಯದು. ಪದಕ ಬರಲಿಲ್ಲವೆಂದು ಚೌಗುಲೆಯವರ ಹೆಸರು ಮರೆಯಾಗಬಾರದು.