ಥಿಯೊಡೋರ್ ಫ್ರೀಲಿಂಗ್‌ಹೈಸನ್‌ರವರ ಚರಿತ್ರೆ

ಅಮೇರಿಕ ದೇಶದ ನ್ಯೂ ಜೆರ್ಸಿ ಸಂಸ್ಥಾನದಲ್ಲಿ 1787ನೇ ಇಸವಿಯಲ್ಲಿ ಹುಟ್ಟಿದ ಥಿಯೊಡೋರ್ ಫ್ರೀಲಿಂಗ್‌ಹೈಸನ್‌ರವರು ಬೋಧಕರ ವಂಶದವರು. ಇವರ ಮುತ್ತಜ್ಜನವರು 1720ರಲ್ಲಿ ಯೂರೋಪಿನಿಂದ ಬಂದು ಅಲ್ಲಿಯ ಡಚ್ ಸಭೆಗಳಲ್ಲಿ ಸುವಾರ್ತೆಯನ್ನು ಸಾರಿದ್ದರು. ಇವರಾದರೋ ವಕೀಲರಾಗಿ ಹೆಸರುಗೊಂಡು, 1829ರಲ್ಲಿ ಸೆನೆಟ್ ಎಂಬ ಹಿರಿಯ ಶಾಸನ ಸಭೆಗೆ ಆರು ವರುಷಗಳ ಮಟ್ಟಿಗೆ ಆರಿಸಲ್ಪಟ್ಟರು.

ಮರುವರುಷವೇ ಕಠಿಣ ಪ್ರಶ್ನೆಯೊಂದು ಎದುರಾಯಿತು. ಬಿಳಿಯರು ಬರುವದಕ್ಕೆ ಬಹು ಮುಂಚಿನಿಂದ ಅಲ್ಲಿ ವಾಸವಾಗಿದ್ದ ಚೆರೋಕೀ ಮುಂತಾದ ಜನಾಂಗಗಳನ್ನು ಒಕ್ಕಲೆಬ್ಬಿಸಿ ಮಿಸಿಸಿಪಿ ನದಿಯ ಆಚೆಗೆ ಕಳುಹಿಸಬೇಕೆಂದು ಅಧ್ಯಕ್ಷರಾದ ಜ್ಯಾಕ್ಸನ್‌ರವರ ಪಕ್ಷವು ಮಸೂದೆಯನ್ನು ತಂದಿತು. ಚೆರೋಕೀಯರು ಅಲೆಮಾರಿಗಳಲ್ಲ, ಹೊಲಮನೆಗಳುಳ್ಳವರು, ಸ್ವಂತ ಲಿಪಿಯಲ್ಲಿ ಪತ್ರಿಕೆಯನ್ನು ಅಚ್ಚುಹಾಕಿಸುತ್ತಿದ್ದವರು, ಅವರಲ್ಲಿ ಹಲವರು ದೀಕ್ಷಾಸ್ನಾನ ಹೊಂದಿದ ಕ್ರೈಸ್ತರು. ಸರಕಾರವೇ ಅವರ ಸಂಗಡ ಒಡಂಬಡಿಕೆಗಳನ್ನು ಮಾಡಿಕೊಂಡಿತ್ತು. ಫ್ರೀಲಿಂಗ್‌ಹೈಸನ್‌ರವರು 1830ರ ಎಪ್ರಿಲ್ ತಿಂಗಳಲ್ಲಿ ಮೂರು ದಿನ, ಒಟ್ಟು ಸುಮಾರು ಆರು ತಾಸು, ಆ ಒಡಂಬಡಿಕೆಗಳ ಪರವಾಗಿ ವಾದಿಸಿದರು. ಚರ್ಮದ ಬಣ್ಣಕ್ಕೆ ತಕ್ಕಂತೆ ನ್ಯಾಯವು ಬದಲಾಗಬಾರದೆಂಬದೇ ಅವರ ವಾದದ ತಿರುಳು. ಆ ಜನರು ತಾವಾಗಿ ಹೊರಡಲು ಒಪ್ಪುವ ವರೆಗೆ ಅವರನ್ನು ಸ್ವಂತ ಭೂಮಿಯಲ್ಲಿ ಕಾಪಾಡಬೇಕೆಂದು ಅವರು ಸೂಚಿಸಿದ ತಿದ್ದುಪಡಿಯನ್ನು ಸಭೆಯು ತಳ್ಳಿಬಿಟ್ಟಿತು.

ಎಪ್ರಿಲ್ 24ರಂದು ಮತಗಳನ್ನು ತೆಗೆದರು. ಆಗ ಸಂಸ್ಥಾನಗಳು 24, ಸೆನೆಟಿನ ಸದಸ್ಯರು 48. ಅವರಲ್ಲಿ 47 ಮಂದಿಯ ಮತಗಳು ಲೆಕ್ಕಕ್ಕೆ ಬಂದವು. ಹಾಜರಿ ಸಾಲದೆ ನ್ಯಾಯವು ಸೋತಿತೆಂದು ನಾವು ಹೇಳುವ ಹಾಗಿಲ್ಲ. ಮಸೂದೆಯ ಪರವಾಗಿ 28, ವಿರೋಧವಾಗಿ 19. ಆ 19ರಲ್ಲಿ ಇವರದು ಒಂದು. ಕೆಳಮನೆಯಲ್ಲಿಯೂ ಅದು 102ಕ್ಕೆ 97ರಂತೆ ಗೆದ್ದಿತು. 1838-39ರಲ್ಲಿ ಸಿಪಾಯಿಗಳು ಚೆರೋಕೀಯರನ್ನು ಹೊರಡಿಸಿದರು. ಈ ಒಕ್ಕಲೆಬ್ಬಿಸುವಿಕೆಯಲ್ಲಿ ಹಸಿವು, ಚಳಿ, ರೋಗಗಳಿಂದ ಸುಮಾರು 4,000 ಮಂದಿ ಸತ್ತರೆಂದು ಎಣಿಸುತ್ತಾರೆ.

ಇವರಲ್ಲಿ ಕುಂದೇ ಇರಲಿಲ್ಲವೆಂದು ನಾವು ಬರೆಯಲಾರೆವು. ಬಿಡುಗಡೆಯಾದ ಕಪ್ಪು ದಾಸರನ್ನು ಆಫ್ರಿಕಕ್ಕೆ ಕಳುಹಿಸಬೇಕೆಂಬ ಸಂಘಕ್ಕೆ ಇವರು ಬೆಂಬಲವಾಗಿದ್ದರು. ಚೆರೋಕೀಯರನ್ನು ಕದಲಿಸಬಾರದೆಂದವರಿಗೆ ಇದು ಹೇಗೆ ಸರಿಕಂಡಿತೋ ನಮಗೆ ತಿಳಿಯದು.

1835ರಲ್ಲಿ ಸೆನೆಟಿನ ಅವಧಿ ಮುಗಿಯಿತು, ಮತ್ತೆ ಆರಿಸಲಿಲ್ಲ. 1844ರಲ್ಲಿ ಉಪಾಧ್ಯಕ್ಷ ಪದವಿಗೆ ನಿಂತು ಸೋತರು. ಆದರೆ 1841ರಿಂದ 1857ರ ವರೆಗೆ ಅಮೇರಿಕನ್ ಬೋರ್ಡ್ ಎಂಬ ಮಿಶನ್ ಸಂಘದ ಅಧ್ಯಕ್ಷರಾಗಿದ್ದರು. 1813ರಿಂದ ಬೊಂಬಾಯಿಯಲ್ಲಿ ಸುವಾರ್ತೆ ಸಾರಿದ ಸಂಘವು ಇದೇ. ಚೆರೋಕೀಯರ ಸಂಗಡ ಇದ್ದದ್ದಕ್ಕಾಗಿ 1831ರಲ್ಲಿ ಸೆರೆಗೆ ಹೋದ ವೂಸ್ಟರ್ ಎಂಬ ಉಪದೇಶಿಯೂ ಈ ಸಂಘದವರೇ. ಫ್ರೀಲಿಂಗ್‌ಹೈಸನ್‌ರವರು ಅಧ್ಯಕ್ಷರಾಗಿದ್ದ ದಿನಗಳಲ್ಲಿ ಆ ವೂಸ್ಟರ್‌ರವರು ನದಿಯ ಆಚೆಯ ಹೊಸ ನೆಲದಲ್ಲಿ ಚೆರೋಕೀ ಭಾಷೆಯ ವೇದಭಾಗಗಳನ್ನು ಅಚ್ಚುಹಾಕಿಸುತ್ತಿದ್ದರು.