ಪಂಡಿತಾ ರಮಾಬಾಯಿಯವರ ಹತ್ತು ವರ್ಷಗಳ ಗಡುವು

ಆಪತ್ತಿನಲ್ಲಿ ಬಿದ್ದ ಹೆಣ್ಣುಮಗಳೊಬ್ಬಳನ್ನು ಕರೆತಂದು ಒಂದು ಸೂರಿನಡಿಯಲ್ಲಿರಿಸಿ, ಹೊಟ್ಟೆಗೆ ಅನ್ನವನ್ನೂ ಮೈಗೆ ಬಟ್ಟೆಯನ್ನೂ ಕೊಟ್ಟ ಕೂಡಲೆ ಉಪಕಾರಿಗಳ ಮನಸ್ಸಿಗೆ ತೃಪ್ತಿಯುಂಟಾಗುವುದು ಸಹಜವೇ. ಆದರೆ ಆ ಮಗಳು ಹತ್ತು ವರ್ಷಗಳಾದ ಮೇಲೆ ಎಲ್ಲಿರಬೇಕು, ಯಾರ ದುಡಿಮೆಯ ಅನ್ನವನ್ನು ಉಣ್ಣುತ್ತಿರಬೇಕು, ಯಾವ ಕೆಲಸಕ್ಕೆ ಶಕ್ತಳಾಗಿರಬೇಕು ಎಂಬದನ್ನು ಮೊದಲೇ ನಿಶ್ಚಯಿಸಿಕೊಂಡು ಆ ಬಳಿಕ ಮನೆಯ ಬಾಗಿಲನ್ನು ತೆರೆದವರು ವಿರಳ. ಅಂಥ ವಿರಳರಲ್ಲಿ ಪಂಡಿತಾ ರಮಾಬಾಯಿಯವರೊಬ್ಬರು. ನಮ್ಮ ಹಳೆಯ ವಿದ್ಯಾರ್ಥಿನಿಯರು ಭಾನುವಾರದ ಶಾಲೆಯಲ್ಲಿ ಈ ಹೆಸರನ್ನು ಕೇಳಿಯೇ ಇರುವರು; ಅನಾಥೆಯರ ತಾಯಿ, ಮಹಾಭಕ್ತೆ ಎಂದು ಅವರನ್ನು ಬಲ್ಲರು. ಅವರ ಮುಂದಾಲೋಚನೆಯನ್ನೂ ಲೆಕ್ಕಾಚಾರವನ್ನೂ ಕುರಿತು ಮಾತಾಡುವವರು ಕಡಮೆ. ಆದಕಾರಣ ನಾವು ಈ ಸಂಚಿಕೆಯಲ್ಲಿ ವಿಶೇಷವಾಗಿ ಆ ಸಂಗತಿಯನ್ನೇ ಬರೆಯಲು ಮನಸ್ಸು ಮಾಡಿದೆವು.

ರಮಾಬಾಯಿಯವರು ಹುಟ್ಟಿದ್ದು ನಮ್ಮ ಕನ್ನಡನಾಡಿನಲ್ಲಿಯೇ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಈಗಿನ ಉಡುಪಿ ಜಿಲ್ಲೆಯ ಕಾರ್ಕಳ ಸೀಮೆಗೆ ಸೇರಿದ ಮಾಳದವರು, ಸಂಸ್ಕೃತದಲ್ಲಿ ಗಟ್ಟಿಗರು. ಪೇಶವೆಯವರ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಪಾಠವಾಗುತ್ತಿದ್ದುದನ್ನು ಎಳೆಯ ವಯಸ್ಸಿನಲ್ಲಿ ಕಂಡ ಅವರು, ತಮ್ಮ ಮನೆಯ ಹೆಂಗಸರಿಗೂ ಓದು ಕಲಿಸಬೇಕೆಂದು ಹಟ ತೊಟ್ಟರು. ಒಂಬತ್ತು ವರ್ಷದ ಲಕ್ಷ್ಮಿಯನ್ನು ಮದುವೆಯಾಗಿ, ಆಕೆಗೆ ದೇವಭಾಷೆಯನ್ನು ಹೇಳಿಕೊಟ್ಟದ್ದಕ್ಕಾಗಿ ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು ಸಮಾಧಾನ ಹೇಳಬೇಕಾಯಿತು. ಕೊನೆಗೆ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡರು. ಅಲ್ಲಿ 1858ನೆಯ ಏಪ್ರಿಲ್ 23ರಂದು ರಮಾ ಹುಟ್ಟಿದಳು. ಕೂಸಿಗೆ ಆರು ತಿಂಗಳಾಗುವಷ್ಟರಲ್ಲಿ ಕುಟುಂಬವು ಯಾತ್ರೆ ಹೊರಟಿತು. ಮಗುವನ್ನು ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಘಟ್ಟವನ್ನು ಇಳಿಸಿದರಂತೆ. ಆಮೇಲೆ ಅವರಿಗೆ ಊರೆಂಬದೇ ಇಲ್ಲ. ಪುರಾಣ ಓದುವುದು, ಕೊಟ್ಟದ್ದನ್ನು ಉಣ್ಣುವುದು, ಮುಂದಿನ ಕ್ಷೇತ್ರಕ್ಕೆ ನಡೆಯುವುದು.

ಅಕ್ಕ ಕೃಷ್ಣಾಬಾಯಿಗೆ ಚಿಕ್ಕಂದಿನಲ್ಲೇ ಮಾಡಿದ ಮದುವೆಯಿಂದ ಸುಖವಾಗಲಿಲ್ಲ. ಆ ನೋವನ್ನು ಕಂಡ ತಂದೆತಾಯಿಗಳು ಕಿರಿಯಳಿಗೆ ಬಾಲ್ಯವಿವಾಹ ಮಾಡಲಿಲ್ಲ. ರಮಾಬಾಯಿಯವರ ಬಾಳಿನ ದಿಕ್ಕನ್ನು ಬದಲಿಸಿದ್ದು ಈ ಒಂದು ತೀರ್ಮಾನವೇ ಎಂದು ನಮಗೆ ತೋರುತ್ತದೆ. 1874ರಲ್ಲಿ ಆರಂಭವಾದ ಕ್ಷಾಮಕಾಲದಲ್ಲಿ ತಂದೆಯೂ ತಾಯಿಯೂ ಬಳಿಕ ಅಕ್ಕನೂ ತೀರಿಕೊಂಡರು. ಉಳಿದವರು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಬರಿಗಾಲಿನಲ್ಲಿ ದೇಶ ಸುತ್ತಿ 1878ರಲ್ಲಿ ಕಲಕತ್ತೆಯನ್ನು ಮುಟ್ಟಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತು ವರ್ಷದ ಈ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದು ಕೊಟ್ಟರು. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಬೇರೆ ಜಾತಿಯವರಾದ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಮದುವೆ. ಮರು ವರ್ಷ ಮಗಳು ಮನೋರಮೆ. 1882ರ ಫೆಬ್ರವರಿಯಲ್ಲಿ ವಾಂತಿಭೇದಿಯಿಂದ ಗಂಡನ ಮರಣ. ಹೀಗೆ ಇಪ್ಪತ್ತಮೂರು ವರ್ಷದ ವಿಧವೆಯೊಬ್ಬಳು ಕೈಗೂಸಿನೊಡನೆ ಪುಣೆಗೆ ಬಂದು ನಿಂತಳು.

ಅಲ್ಲಿ ಅವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸರಕಾರದ ವಿದ್ಯಾಭ್ಯಾಸ ಸಮಿತಿಯು ಡಾಕ್ಟರ್ ಹಂಟರ್ ಸಾಹೇಬರ ಅಧ್ಯಕ್ಷತೆಯಲ್ಲಿ ಅಲ್ಲಿಗೆ ಬಂದಾಗ, ಹೆಣ್ಣುಮಕ್ಕಳ ಶಾಲೆಗಳಿಗೆ ಹೆಣ್ಣು ಉಪಾಧ್ಯಾಯಿನಿಯರೇ ಬೇಕೆಂದೂ ಹೆಣ್ಣು ವೈದ್ಯರು ತಯಾರಾಗಬೇಕೆಂದೂ ಸಾಕ್ಷಿ ಹೇಳಿದರು. ತಾವೇ ವೈದ್ಯೆಯಾಗಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ಆ ಆಸೆ ಕೈಗೂಡಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ವಾಂಟೇಜಿನಲ್ಲಿ ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿದರು. ಅಲ್ಲಿಯ ಮಠದ ಸಹೋದರಿಯರು ಲಂಡನ್ನಿನ ಫುಲ್ಹ್ಯಾಮಿನಲ್ಲಿ ನಡೆಸುತ್ತಿದ್ದ ಮನೆಯೊಂದನ್ನು ರಮಾಬಾಯಿಯವರು ನೋಡಿದರು. ಲೋಕವು ಕೆಟ್ಟವರೆಂದು ತಳ್ಳಿದ ಹೆಂಗಸರನ್ನು ಅಲ್ಲಿ ಕೆಲಸ ಕಲಿಸಿ ಪುನಃ ನೆಟ್ಟಗೆ ನಿಲ್ಲಿಸುತ್ತಿದ್ದರು. ಬಿದ್ದವಳನ್ನು ಶಿಕ್ಷಿಸುವ ಬದಲು ಎತ್ತುವುದು ಸಾಧ್ಯವೆಂಬದನ್ನು ಅವರು ಕಣ್ಣಾರೆ ಕಂಡದ್ದು ಅಲ್ಲಿಯೇ.

1886ರಲ್ಲಿ, ತಮ್ಮ ಬಂಧುವಾದ ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯಾದಲ್ಲಿ ವೈದ್ಯಪದವಿಯನ್ನು ಪಡೆಯುವುದನ್ನು ನೋಡಲೆಂದು ಅಮೇರಿಕಕ್ಕೆ ಹೊರಟವರು ಅಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿದರು. ಆ ದಿನಗಳಲ್ಲಿಯೇ ಅವರ ಯೋಜನೆಯು ರೂಪುಗೊಂಡಿತು.

ಅವರು ಮೊದಲು ಮಾಡಿದ್ದು ಕಷ್ಟದ ಅಳತೆಯನ್ನು ಹಿಡಿಯುವ ಕೆಲಸ. 1887ರಲ್ಲಿ ಮೇಲುಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕದಲ್ಲಿ 1881ರ ಜನಗಣತಿಯ ಅಂಕಿಗಳನ್ನು ಓದುಗರ ಮುಂದಿಟ್ಟರು. ಹಿಂದೂಸ್ಥಾನದಲ್ಲಿ ಒಟ್ಟು 2,09,30,626 ವಿಧವೆಯರು. ಅವರಲ್ಲಿ ಹತ್ತೊಂಬತ್ತು ವರ್ಷದೊಳಗಿನವರು 6,69,100. ಒಂಬತ್ತು ವರ್ಷದೊಳಗಿನ ಕೂಸುಗಳೇ 78,976. ತಲೆ ಬೋಳಿಸುವುದು, ಒಪ್ಪೊತ್ತಿನ ಊಟ, ಗಂಡನನ್ನು ನುಂಗಿದವಳೆಂಬ ದೂರು, ಮನೆಯ ಬಿಟ್ಟಿ ಚಾಕರಿ ಇವನ್ನೆಲ್ಲ ವಿವರಿಸಿದರು. ಗಂಡನೊಡನೆ ಬಾಳಲೊಲ್ಲದ ರುಖ್ಮಾಬಾಯಿಯೆಂಬ ತರುಣಿಗೆ ಅದೇ ವರ್ಷ ಬೊಂಬಾಯಿಯ ನ್ಯಾಯಾಲಯವು, ಗಂಡನ ಮನೆಗೆ ಹೋಗು ಇಲ್ಲವೆ ಆರು ತಿಂಗಳು ಸೆರೆಮನೆಗೆ ಹೋಗೆಂದು ಆಜ್ಞೆಮಾಡಿದಾಗ, ಅಕ್ಕನ ಸ್ಥಿತಿಯನ್ನು ಕಂಡಿದ್ದ ರಮಾಬಾಯಿಯವರು ಸಿಟ್ಟನ್ನು ಮರೆಮಾಚಲಿಲ್ಲ. ಹೊಡೆದ ಪೆಟ್ಟೊಂದೇ ಹಿಂಸೆಯಲ್ಲ, ಹೆಣ್ಣನ್ನು ಬೇರೆ ದಾರಿಯಿಲ್ಲದವಳನ್ನಾಗಿ ಮಾಡುವ ಕಟ್ಟಳೆಯೂ ಹಿಂಸೆಯೇ ಎಂಬದು ಅವರ ನಿಲುವು.

ಎರಡನೆಯದಾಗಿ, ಏನಾಗಬೇಕೆಂಬದನ್ನು ಹೇಳಿದರು. ಸ್ವಾವಲಂಬನ, ವಿದ್ಯೆ, ದೇಶೀಯ ಉಪಾಧ್ಯಾಯಿನಿಯರು — ಈ ಮೂರನ್ನೇ ಅವರು ಬೇಡಿದರು. ಕರುಣೆಯನ್ನು ಹುಟ್ಟಿಸಿ ಹಣವೆತ್ತುವುದು ಅವರಿಗೆ ಕಷ್ಟವಾಗಿರಲಿಲ್ಲ. ಅಂಕಿಗಳನ್ನು ಓದಿದ ಅಮೇರಿಕದ ಹೆಂಗಸರು ಅಳುತ್ತಲೇ ಕೈಚೀಲ ಬಿಚ್ಚುತ್ತಿದ್ದರು. ಆದರೂ ಅವರು ಗೊತ್ತಾದ ಅವಧಿಯನ್ನು ಕೇಳಿದರು. 1887ರ ಡಿಸೆಂಬರಿನಲ್ಲಿ ಬೋಸ್ಟನ್ ನಗರದಲ್ಲಿ ರಮಾಬಾಯಿ ಸಂಘವು ಹುಟ್ಟಿತು. ಸದಸ್ಯರು ವರ್ಷಕ್ಕೆ ಒಂದು ಡಾಲರನ್ನಾದರೂ ಹತ್ತು ವರ್ಷ ಕೊಡುವುದಾಗಿ ಮಾತು ಕೊಟ್ಟರು. ಹತ್ತು ವರ್ಷಗಳೊಳಗೆ ಬಾಲವಿಧವೆಯರು ಕಲಿತು ದುಡಿಯುವವರಾಗಬೇಕು, ಮನೆಯು ಇತರರ ಹಣವಿಲ್ಲದೆ ನಿಲ್ಲುವ ದಾರಿಯನ್ನು ಹುಡುಕಬೇಕು, ಯಾರನ್ನೂ ಮತದ ವಿಷಯದಲ್ಲಿ ಒತ್ತಾಯಿಸಬಾರದು. ಗಡುವನ್ನು ತಾವೇ ಹಾಕಿಕೊಂಡವರಿಗೆ ಗಡುವಿನ ದಿನ ಉತ್ತರ ಹೇಳುವ ಹೊರೆಯೂ ಬೀಳುತ್ತದೆ. ರಮಾಬಾಯಿಯವರು ಆ ಹೊರೆಯನ್ನು ಬೇಕೆಂದೇ ಹೊತ್ತರು. ಇಷ್ಟು ಸಾಲದೆಂದು, ಅಮೇರಿಕದಲ್ಲಿರುವಾಗಲೇ ಫ್ರೋಬೆಲ್ ಪಂಡಿತನ ಶಿಶುವಿಹಾರ ಪದ್ಧತಿಯನ್ನು ಕಲಿತು, ಮರಾಠಿಯಲ್ಲಿ ಪಾಠಪುಸ್ತಕಗಳನ್ನು ಸಿದ್ಧಮಾಡತೊಡಗಿದರು. ವಿದ್ಯಾರ್ಥಿನಿಯೊಬ್ಬಳೂ ಬರುವ ಮೊದಲೇ ಪುಸ್ತಕ ತಯಾರಾಗುತ್ತಿತ್ತು.

1889ನೆಯ ಮಾರ್ಚ್ 11ರಂದು ಬೊಂಬಾಯಿಯ ಚೌಪಾಟಿಯಲ್ಲಿ ಶಾರದಾ ಸದನವು ತೆರೆಯಿತು. ಮೊದಲ ವಿಧವೆಯ ಹೆಸರು ಗೋದೂಬಾಯಿ. ಮರು ವರ್ಷ ಸದನವು ಪುಣೆಗೆ ಸಾಗಿತು. ಹುಡುಗಿಯರು ತಮ್ಮ ತಮ್ಮ ಮಡಿ ಆಚಾರಗಳನ್ನು ಇಟ್ಟುಕೊಳ್ಳಲು ಅಲ್ಲಿ ಅಡ್ಡಿಯಿರಲಿಲ್ಲ. ಆದರೆ ರಮಾಬಾಯಿಯವರು ಮುಂಜಾನೆ ತಮ್ಮ ಕೋಣೆಯಲ್ಲಿ ಸತ್ಯವೇದವನ್ನೋದಿ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂತರು. ಇದನ್ನು ತಿಳಿದು ಪುಣೆಯಲ್ಲಿ ಗದ್ದಲವೆದ್ದಿತು. ಕೇಸರಿ ಪತ್ರಿಕೆಯು ಕಟುವಾಗಿ ಬರೆಯಿತು. 1893ರಲ್ಲಿ ಸಲಹಾಮಂಡಲಿಯಲ್ಲಿದ್ದ ರಾನಡೆಯವರೂ ಭಾಂಡಾರ್ಕರರೂ ಬಿಟ್ಟುಹೋದರು; ಇಪ್ಪತ್ತಕ್ಕೂ ಹೆಚ್ಚು ಬಾಲಿಕೆಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ಕ್ರೈಸ್ತರಾದ ನಾವು ಇಲ್ಲಿ ರಮಾಬಾಯಿಯವರ ಪಕ್ಷವನ್ನೇ ಹಿಡಿದು ಬರೆಯುವುದು ಸುಲಭ. ಆದರೆ ಮಗಳನ್ನು ನಂಬಿಕೆಯಿಂದ ಒಪ್ಪಿಸಿದ ತಂದೆತಾಯಿಗಳಿಗೆ ಕೊಟ್ಟ ಮಾತಿಗೂ, ತೆರೆದ ಬಾಗಿಲಿಗೂ ನಡುವೆ ಇಕ್ಕಟ್ಟು ಇತ್ತೆಂಬದನ್ನು ಒಪ್ಪದೆ ವಿಧಿಯಿಲ್ಲ. ಹೊರಗೆ ಹೋದ ಆ ಬಾಲಿಕೆಯರಲ್ಲಿ ಎಷ್ಟು ಮಂದಿಗೆ ಓದು ಅಲ್ಲಿಗೇ ನಿಂತಿತೋ ಎಂದು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ.

ಗೋದೂಬಾಯಿಯವರ ಕಥೆ ಬೇರೆ. ಸದನವು ತೆರೆದು ಸರಿಯಾಗಿ ನಾಲ್ಕು ವರ್ಷವಾದ ದಿನ, 1893ನೆಯ ಮಾರ್ಚ್ 11ರಂದು, ಅವರು ಧೋಂಡೋ ಕೇಶವ ಕರ್ವೆಯವರನ್ನು ಪುನರ್ವಿವಾಹವಾಗಿ ಆನಂದೀಬಾಯಿ ಕರ್ವೆಯೆನಿಸಿದರು. ಕರ್ವೆಯವರು 1896ರಲ್ಲಿ ವಿಧವೆಯರಿಗಾಗಿ ತಮ್ಮದೇ ಆಶ್ರಮವನ್ನೂ, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ತೆರೆದರು. ಇಂಥ ಫಲವನ್ನು ಬೋಸ್ಟನ್ನಿನ ಕಾಗದದಲ್ಲಿ ಯಾರೂ ಬರೆದಿರಲಿಲ್ಲ.

ಇತ್ತ ರಮಾಬಾಯಿಯವರು ಗಡುವನ್ನು ಮರೆತಿರಲಿಲ್ಲ. ಅಮೇರಿಕದ ಹಣ ನಿಂತುಹೋಗುವ ಕಾಲಕ್ಕೆ ಬೇರೆ ಆದಾಯವಿರಲೆಂದು ಪುಣೆಯಿಂದ ಸುಮಾರು ಮೂವತ್ತನಾಲ್ಕು ಮೈಲು ದೂರದ ಕೇಡಗಾಂವಿನಲ್ಲಿ ನೂರು ಎಕರೆಯಷ್ಟು ಬರಡು ಭೂಮಿಯನ್ನು ಕೊಂಡು, ಬಾವಿ ತೋಡಿಸಿ, ಕಿತ್ತಳೆಯನ್ನೂ ಮಾವನ್ನೂ ನೆಡಿಸಿದರು. ಮರವು ಫಲ ಕೊಡಲು ಇಷ್ಟು ವರ್ಷ ಬೇಕು, ಗಡುವಿಗೆ ಇಷ್ಟು ವರ್ಷ ಉಳಿದಿದೆ ಎಂಬ ಲೆಕ್ಕದ ತೋಟವದು.

ಆದರೆ ಮರಗಳು ದೊಡ್ಡವಾಗುವ ಮೊದಲೇ ಮನುಷ್ಯರು ಬಂದರು. 1895ರಲ್ಲಿ ಯಾತ್ರಿಕಳ ವೇಷದಲ್ಲಿ ಬೃಂದಾವನಕ್ಕೆ ಹೋಗಿ, ಪುಣ್ಯದ ಹೆಸರಿನಲ್ಲಿ ಕರೆತಂದ ವಿಧವೆಯರನ್ನು ಹೇಗೆ ಕೆಡಿಸಿ ಬೀದಿಪಾಲು ಮಾಡುತ್ತಾರೆಂಬದನ್ನು ಅವರು ಕಂಡು ಬಂದಿದ್ದರು. ಮರು ವರ್ಷ ಮಧ್ಯಪ್ರಾಂತದಲ್ಲಿ ಕ್ಷಾಮವೆಂಬ ಸುದ್ದಿ ಬರಲು, ಹಸಿದ ಹುಡುಗಿಯರಿಗೆ ಗಂಜಿಯ ಆಸೆ ತೋರಿಸಿ ಕೊಂಡೊಯ್ಯುವವರು ತಮಗಿಂತ ಮೊದಲು ತಲಪುವರೆಂಬ ಭಯದಿಂದ ತಾವೇ ಹೊರಟು ಸುಮಾರು 300 ಮಂದಿಯನ್ನು ಕರೆತಂದರು. ತಾವೂ ಒಂದು ಕಾಲಕ್ಕೆ ಕ್ಷಾಮದಲ್ಲಿ ಕಾಡಿನ ಎಲೆಯನ್ನು ತಿಂದವರಲ್ಲವೆ! ಆ ವೇಳೆಗೆ ಪುಣೆಯಲ್ಲಿ ಪ್ಲೇಗು. ಹೊಸಬರನ್ನು ಸೇರಿಸಕೂಡದೆಂದು ಸರಕಾರದ ಅಪ್ಪಣೆ. ಅವರನ್ನೆಲ್ಲ ಕೇಡಗಾಂವಿಗೆ ಕಳುಹಿಸಬೇಕಾಯಿತು. ಪ್ಲೇಗಿನ ಆಸ್ಪತ್ರೆಯಲ್ಲಿ ಹೆಂಗಸರಿಗೆ ಮಾನರಕ್ಷಣೆಯಿಲ್ಲವೆಂದು 1897ರಲ್ಲಿ ಅವರು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಅಧಿಕಾರಿಗಳು ಅದನ್ನು ಅಲ್ಲಗಳೆದರೂ ಅವರು ಹಿಂತೆಗೆಯಲಿಲ್ಲ. ಹಿಂಸೆ ಮಾಡುವವನು ಸ್ವಜಾತಿಯವನೋ ಸರಕಾರದವನೋ ಎಂದು ನೋಡಿ ಮಾತಾಡುವ ಸ್ವಭಾವ ಅವರದಾಗಿರಲಿಲ್ಲ.

1898ರಲ್ಲಿ ಹತ್ತು ವರ್ಷ ತುಂಬಿತು. ರಮಾಬಾಯಿಯವರು ಸಮುದ್ರವನ್ನು ದಾಟಿ ಹೋಗಿ, ಹಣ ಕೊಟ್ಟವರ ಮುಂದೆ ನಿಂತು ವರದಿಯೊಪ್ಪಿಸಿದರು. ಹೆಂಗಸರು ಕಲಿತು ಕೆಲಸದಲ್ಲಿ ನಿಂತಿದ್ದರು. ಆದರೆ ಮನೆಯು ತನ್ನ ಕಾಲ ಮೇಲೆ ತಾನು ನಿಲ್ಲಬೇಕೆಂಬ ಗುರಿ ಮಾತ್ರ ಮುಟ್ಟಿರಲಿಲ್ಲ. ಹಳೆಯ ಸಂಘವು ವಿಸರ್ಜನೆಯಾಗಿ, ವರ್ಷವರ್ಷದ ನೆರವಿಗಾಗಿ ಹೊಸ ಸಂಘವು ಏರ್ಪಟ್ಟಿತು.

ಕೇಡಗಾಂವಿನ ಮನೆಗೆ ಮುಕ್ತಿ ಎಂದು ಹೆಸರಾಯಿತು. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿದ್ದವರು ಎರಡು ಸಾವಿರದ ಸಮೀಪಕ್ಕೆ ಏರಿದರು. ಶಾರದಾ ಸದನದಂತೆ ಮತದ ವಿಷಯದಲ್ಲಿ ತಟಸ್ಥವಾಗಿರುವ ಕಟ್ಟು ಇಲ್ಲಿರಲಿಲ್ಲ. ಇದು ಕ್ರೈಸ್ತರ ಮನೆಯೆಂದು ಎಲ್ಲರೂ ಬಲ್ಲರು. ಪುರುಷರ ದುರ್ನಡತೆಗೆ ಬಲಿಯಾದವರಿಗೆ ಕೃಪಾ ಸದನ, ವೃದ್ಧೆಯರಿಗೂ ಅಶಕ್ತರಿಗೂ ಪ್ರೀತಿ ಸದನ. ಕುರುಡಿಯರಿಗೆ ಬೆರಳಿನಿಂದ ಓದುವ ಬ್ರೈಲ್ ಅಕ್ಷರದ ಪಾಠ. ಬಂದವಳಿಗೆಲ್ಲ ಒಂದೇ ಅಚ್ಚನ್ನು ಹಾಕದೆ, ಆಕೆಯ ಕೈಯಿಂದ ಏನಾಗಬಲ್ಲದೆಂದು ನೋಡಿ ನೇಯ್ಗೆಗೋ ಗಾಣಕ್ಕೋ ಹಾಲಿನ ಕೊಟ್ಟಿಗೆಗೋ ಹೊಲಕ್ಕೋ ಅಚ್ಚುಕೂಟಕ್ಕೋ ಹಚ್ಚುತ್ತಿದ್ದರು. ಬುದ್ಧಿ ಚುರುಕಾದವರು ಉಪಾಧ್ಯಾಯಿನಿಯರಾದರು.

ನಮ್ಮ ಸೀಮೆಯ ನೆನಪೂ ಅವರಿಗೆ ಅಳಿದಿರಲಿಲ್ಲವೆಂದು ತೋರುತ್ತದೆ. ಆಗ ನಿಜಾಮರ ಆಳ್ವಿಕೆಯಲ್ಲಿದ್ದು ವಿದ್ಯೆಯಲ್ಲಿ ಹಿಂದುಳಿದಿದ್ದ ಕಲಬುರಗಿಯಲ್ಲಿ 1912ರಲ್ಲಿ ಒಂದು ಕ್ರೈಸ್ತ ಹೈಸ್ಕೂಲನ್ನು ತೆರೆದು ಮನೋರಮೆಯವರನ್ನೇ ಅದರ ಮುಖ್ಯಸ್ಥೆಯನ್ನಾಗಿ ನಿಲ್ಲಿಸಿದರು. ತಮ್ಮ ತರುವಾಯ ಮುಕ್ತಿಯನ್ನೂ ಮಗಳೇ ನಡೆಸುವಳೆಂಬುದು ತಾಯಿಯ ಯೋಜನೆಯಾಗಿತ್ತು. 1921ರ ಜುಲೈಯಲ್ಲಿ ಮನೋರಮೆ ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು.

ರಮಾಬಾಯಿಯವರ ಕೈಯಲ್ಲಿ ಆಗ ಒಂದು ಕೆಲಸವು ಉಳಿದಿತ್ತು. ಸಾಮಾನ್ಯ ಹೆಂಗಸರಿಗೆ ಅರ್ಥವಾಗುವ ಸುಲಭ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಲೆಂದು ಇಳಿವಯಸ್ಸಿನಲ್ಲಿ ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು ವರ್ಷಗಟ್ಟಲೆ ದುಡಿದಿದ್ದರು. ಅದನ್ನು ಮುಗಿಸಿದ ಸ್ವಲ್ಪ ಕಾಲದಲ್ಲಿಯೇ, 1922ನೆಯ ಏಪ್ರಿಲ್ 5ರಂದು, ಕೇಡಗಾಂವಿನಲ್ಲಿ ಕಣ್ಣು ಮುಚ್ಚಿದರು. 1924ರಲ್ಲಿ ಗ್ರಂಥವು ಪೂರ್ತಿಯಾಗಿ ಹೊರಬಂದಿತು. ಅದರ ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಜೋಡಿಸಿದವರು ಮುಕ್ತಿಯ ಹೆಂಗಸರೇ.