ಸಂತ ಶಿಶುನಾಳ ಷರೀಫರು (1819–1889)

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವ, ಸವಣೂರ ಹಾಗೂ ಹಿರೇಕೆರೂರ ತಾಲ್ಲೂಕುಗಳ ಪ್ರದೇಶವು ಅನೇಕ ಸಂತರಿಗೂ ದಾರ್ಶನಿಕರಿಗೂ ನೆಲೆಯಾಗಿದೆ. ಶಿಗ್ಗಾಂವ ತಾಲ್ಲೂಕಿನ ಬಾಡ ಗ್ರಾಮವು ಕನಕದಾಸರ ಜನ್ಮಸ್ಥಳ. ಹಿರೇಕೆರೂರ ತಾಲ್ಲೂಕಿನ ಅಬಲೂರು ತ್ರಿಪದಿ ಕವಿ ಸರ್ವಜ್ಞನ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಇದೇ ನೆಲದಲ್ಲಿ ಜನಿಸಿ, ಮನುಷ್ಯನ ಯೋಗ್ಯತೆಗೆ ನಡತೆಯೇ ಅಳತೆಗೋಲು ಎಂಬುದನ್ನು ಬಾಳಿ ತೋರಿಸಿದವರು ಸಂತ ಶಿಶುನಾಳ ಷರೀಫರು.

ಜನನ ಮತ್ತು ಬಾಲ್ಯ

ಷರೀಫರು 1819ರಲ್ಲಿ ಶಿಗ್ಗಾಂವ ತಾಲ್ಲೂಕಿನ ಶಿಶುನಾಳ (ಶಿಶುವಿನಹಾಳ) ಗ್ರಾಮದಲ್ಲಿ ಜನಿಸಿದರು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಇಮಾಮ್ ಸಾಹೇಬರು ಹುಲಗೂರಿನ ಸಂತ ಹಜರೇಶ ಖಾದ್ರಿಯವರ ಶಿಷ್ಯರಾಗಿದ್ದು, ಅವರ ಆಶೀರ್ವಾದದಿಂದಲೇ ಈ ಮಗು ಜನಿಸಿತೆಂಬ ನಂಬಿಕೆ ಪ್ರಚಲಿತವಾಗಿದೆ. ಬಾಲಕನು ಕುರಾನಿನೊಂದಿಗೆ ರಾಮಾಯಣ, ಮಹಾಭಾರತಗಳನ್ನೂ ಶರಣರ ಪುರಾಣಗಳನ್ನೂ ಅರಿತು ಬೆಳೆದನು.

ವೃತ್ತಿ ಮತ್ತು ಸಂಸಾರ

ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಷರೀಫರು ಸುತ್ತಲಿನ ಗ್ರಾಮಗಳ ಕನ್ನಡ ಶಾಲೆಗಳಲ್ಲಿ ಶಿಕ್ಷಕರಾಗಿ ಸೇವೆ ಸಲ್ಲಿಸಿದರು. ಅಧ್ಯಾತ್ಮದ ಹಂಬಲ ಹೆಚ್ಚಿದಾಗ ಆ ವೃತ್ತಿಯನ್ನು ತ್ಯಜಿಸಿದರು. ಕುಂದಗೋಳದ ಫಾತಿಮಾ ಅವರೊಂದಿಗೆ ವಿವಾಹವಾಯಿತು. ಜನಿಸಿದ ಹೆಣ್ಣುಮಗು ಬಹುಕಾಲ ಬದುಕಲಿಲ್ಲ. ಪತ್ನಿಯೂ ಅಕಾಲದಲ್ಲಿ ತೀರಿಕೊಂಡರು. ಈ ದುಃಖವನ್ನು ಷರೀಫರು ತಮ್ಮೊಳಗೇ ಅರಗಿಸಿಕೊಂಡು ಜನರ ನಡುವೆಯೇ ಬಾಳಿದರು.

ಗುರು ಗೋವಿಂದ ಭಟ್ಟರು

ಸಮೀಪದ ಕಳಸ ಗ್ರಾಮದ ಗೋವಿಂದ ಭಟ್ಟರು ಬ್ರಾಹ್ಮಣರಾಗಿದ್ದರೂ ಜಾತಿಯ ಕಟ್ಟುಪಾಡುಗಳಿಗೆ ಮಣಿಯದವರಾಗಿದ್ದರು. ಅವರು ಷರೀಫರನ್ನು ಮಗನಂತೆ ಸ್ವೀಕರಿಸಿ, ಅವರೊಂದಿಗೆ ಸಹಭೋಜನ ಮಾಡುತ್ತಿದ್ದರು. ಗುರುಗಳು ಶಿಷ್ಯನಿಗೆ ಜನಿವಾರ ಹಾಕಿದರೆಂಬ ಪ್ರತೀತಿಯೂ ಇದೆ. ಈ ಸಂಬಂಧವನ್ನು ಎರಡೂ ಸಮುದಾಯಗಳ ಸಂಪ್ರದಾಯಸ್ಥರು ಆಕ್ಷೇಪಿಸಿದರು. ಆದರೆ ನಿಂದೆಗೆ ಅಂಜಿ ಗುರುವು ಶಿಷ್ಯನನ್ನು ದೂರ ಮಾಡಲಿಲ್ಲ. ಶಿಷ್ಯನೂ ಗುರುವನ್ನು ತೊರೆಯಲಿಲ್ಲ.

ತತ್ತ್ವಪದಗಳು

ಷರೀಫರು ತಮ್ಮ ಊರಿನ ಬಸವೇಶ್ವರನನ್ನು ನೆನೆದು ಶಿಶುನಾಳಾಧೀಶ ಎಂಬ ಅಂಕಿತವನ್ನು ಬಳಸಿದರು. ಮೊಹರಂ ಆಚರಣೆಯ ಸಂದರ್ಭದಲ್ಲಿ ಹಾಡುವ ರಿವಾಯತ್ ಪದಗಳನ್ನೂ ರಚಿಸಿದರು. ಸೋರುವ ಮಾಳಿಗೆ, ಊರಿನ ತೇರು, ಹತ್ತಿಯ ಗಿರಣಿ ಮುಂತಾದ ನಿತ್ಯಜೀವನದ ಸಂಗತಿಗಳೇ ಅವರ ಪದಗಳ ವಸ್ತುಗಳು. ಮಾಳಿಗೆ ಸೋರುತ್ತಿದ್ದರೂ ದುರಸ್ತಿ ಮಾಡದ ಮನೆಯವರಂತೆ, ಮನುಷ್ಯನು ತನ್ನ ದೋಷಗಳನ್ನು ಕಂಡೂ ಕಾಣದಂತಿರುತ್ತಾನೆ ಎಂಬುದು ಅವರ ಎಚ್ಚರಿಕೆಯ ಸಾರವಾಗಿದೆ. ಷರೀಫರು ಸ್ವತಃ ದೈವಭಕ್ತರಾಗಿದ್ದರು. ಆದಾಗ್ಯೂ ತನ್ನನ್ನು ತಾನು ತಿದ್ದಿಕೊಳ್ಳಬೇಕೆಂಬ ಈ ಮಾತು ಆಸ್ತಿಕರಿಗೂ ನಾಸ್ತಿಕರಿಗೂ ಸಮಾನವಾಗಿ ಅನ್ವಯಿಸುತ್ತದೆ. ಒಳಗಿನ ಶುದ್ಧಿಯಿಲ್ಲದ ಹೊರಗಿನ ಆಚಾರವನ್ನು ಅವರು ಯಾವ ಮತದಲ್ಲಿ ಕಂಡರೂ ಒಪ್ಪಲಿಲ್ಲ.

ಅಂತ್ಯ ಮತ್ತು ಸ್ಮರಣೆ

ಷರೀಫರು 1889ರಲ್ಲಿ ಶಿಶುನಾಳದಲ್ಲಿ ದೇಹತ್ಯಾಗ ಮಾಡಿದರು. ಅವರ ಅಂತ್ಯಕ್ರಿಯೆಯನ್ನು ಹಿಂದೂ ಹಾಗೂ ಮುಸ್ಲಿಂ ಸಮುದಾಯದವರು ತಮ್ಮ ತಮ್ಮ ವಿಧಿಗಳಂತೆ ಒಟ್ಟಾಗಿ ನೆರವೇರಿಸಿದರು. ಬದುಕಿದ್ದಾಗ ಅವರನ್ನು ಯಾರಿಗೆ ಸೇರಿದವರೆಂದು ವಿಚಾರಿಸುತ್ತಿದ್ದ ಸಮಾಜವು, ಕೊನೆಗೆ ಅವರನ್ನು ಎಲ್ಲರಿಗೂ ಸೇರಿದವರೆಂದು ಒಪ್ಪಿಕೊಂಡಿತು. ಗ್ರಾಮದಲ್ಲಿರುವ ಅವರ ಗದ್ದುಗೆಗೆ ಇಂದಿಗೂ ಎಲ್ಲ ಮತಗಳ ಜನರು ನಡೆದುಕೊಳ್ಳುತ್ತಾರೆ.

ಬಾಯಿಂದ ಬಾಯಿಗೆ ಹರಿದು ಉಳಿದ ಅವರ ಪದಗಳು ಗಾಯಕ ಸಿ. ಅಶ್ವಥ್ ಅವರ ಕಂಠದ ಮೂಲಕ ನಾಡಿನಾದ್ಯಂತ ಮನೆಮಾತಾದವು. ಟಿ.ಎಸ್. ನಾಗಾಭರಣ ಅವರು 1990ರಲ್ಲಿ ನಿರ್ದೇಶಿಸಿದ ಸಂತ ಶಿಶುನಾಳ ಷರೀಫ ಚಲನಚಿತ್ರವು ರಾಷ್ಟ್ರೀಯ ಭಾವೈಕ್ಯ ಕುರಿತ ಅತ್ಯುತ್ತಮ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಪಡೆಯಿತು. ಸುಗಮ ಸಂಗೀತ ಕ್ಷೇತ್ರದ ಸಾಧಕರಿಗೆ ನೀಡುವ ರಾಜ್ಯ ಪ್ರಶಸ್ತಿಗೂ ಅವರ ಹೆಸರನ್ನೇ ಇಡಲಾಗಿದೆ.